ಘಟಪ್ರಭೆಯ ದಡದಲ್ಲಿ ಭೂಬಳಕೆ: ಉಪಗ್ರಹ ಚಿತ್ರ ಮತ್ತು ಋತುಮಾನ

ಪ್ರವಾಸಿ ತಾಣಗಳ ಭೂಬಳಕೆಯ ಬದಲಾವಣೆಯನ್ನು ಉಪಗ್ರಹ ಚಿತ್ರಗಳಿಂದ ಅಳೆಯುವ ಕ್ರಮ ಕರಾವಳಿಯಲ್ಲಿ ರೂಢಿಯಲ್ಲಿದೆ. ಅಲ್ಲಿ ದಡದ ರೇಖೆಯನ್ನು ಉಬ್ಬರವಿಳಿತವು ದಿನದೊಳಗೇ ಸರಿಸುತ್ತದೆ. ಒಳನಾಡಿನ ಘಟಪ್ರಭಾ ಕಣಿವೆಯಲ್ಲಿ ಆ ಕೆಲಸ ಋತುಮಾನದ್ದು.

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವನ್ನೇ ನೋಡಬಹುದು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಮುಳುಗಡೆಯಾದ ಹುನ್ನೂರಿನ ವಿಠ್ಠಲ ದೇವಾಲಯ ಹೊರಗೆ ಕಾಣಿಸಿಕೊಂಡು ಜನರನ್ನು ಸೆಳೆಯುತ್ತದೆ. ಅವಕೆಂಪು ಕಿರಣಗಳನ್ನು ನೀರು ಹೀರಿಕೊಳ್ಳುವುದರಿಂದ ಆ ಕಿರಣಗಳಲ್ಲಿ ತೆಗೆದ ಚಿತ್ರದಲ್ಲಿ ಅದು ಕಪ್ಪಾಗಿಯೂ, ಹಸಿರು ಬೆಳೆ ಉಜ್ವಲವಾಗಿಯೂ ತೋರುತ್ತದೆ. ಹೀಗಾಗಿ ಒಂದು ವರ್ಷದ ಅಕ್ಟೋಬರ್ ಚಿತ್ರವನ್ನು ದಶಕದ ನಂತರದ ಮೇ ಚಿತ್ರದೊಡನೆ ಹೋಲಿಸಿದರೆ, ಜಲಪ್ರದೇಶವೇ ಬಯಲಾಯಿತೆಂಬ ನಿರ್ಣಯಕ್ಕೆ ಬರಬೇಕಾಗುತ್ತದೆ. ಕೆಳಗಿನ ಧೂಪದಾಳದಲ್ಲಿ, 1974ರಲ್ಲಿ ಘೋಷಿತವಾದ ಘಟಪ್ರಭಾ ಪಕ್ಷಿಧಾಮದ ಮಟ್ಟಿಗೆ ಇದು ಸಣ್ಣ ದೋಷವಲ್ಲ: ವಲಸೆ ಹಕ್ಕಿಗಳು ನೆಚ್ಚಿದ ಜೌಗುನೆಲ ನಿಜವಾಗಿ ಒತ್ತುವರಿಯಾದರೂ, ಅದು ಬೇಸಿಗೆಯ ಒಣಗುವಿಕೆಯೆಂದೇ ಎಣಿಕೆಯಾದೀತು. ಒಂದೇ ತಿಂಗಳ ಚಿತ್ರಗಳನ್ನು ಆಯ್ದು, ಜಲಮಟ್ಟದ ದಾಖಲೆಯೊಡನೆ ತಾಳೆ ನೋಡುವುದು ಅನಿವಾರ್ಯ.

ಗೋಕಾಕ ಜಲಪಾತದ ತೊಡಕು ಬೇರೆ. ಸುಮಾರು 52 ಮೀಟರ್ ಧುಮುಕುವ ನೀರನ್ನು ನೋಡಲು ಜನ ಸೇರುವ ಮಳೆಗಾಲದಲ್ಲೇ ಮೋಡಗಳು ನೆಲವನ್ನು ಮರೆಮಾಡುತ್ತವೆ. 1984ರಲ್ಲಿ ಉಡಾವಣೆಗೊಂಡ ಲ್ಯಾಂಡ್‌ಸ್ಯಾಟ್-5ರ 30 ಮೀಟರ್ ಚಿತ್ರಬಿಂದುವೊಂದು 900 ಚದರ ಮೀಟರ್ ನೆಲವನ್ನು ಒಂದಾಗಿಸುತ್ತದೆ. ಸಣ್ಣ ಅಂಗಡಿಗಳು ಅದರಲ್ಲಿ ಕರಗಿಹೋಗುತ್ತವೆ. 2015ರಿಂದ ದೊರೆಯುತ್ತಿರುವ ಸೆಂಟಿನೆಲ್-2ರ ಚಿತ್ರಬಿಂದು 100 ಚದರ ಮೀಟರಿನದು.

ಮೂಡಲಗಿಯಲ್ಲಿ ಕಟಾವಾದ ಕಬ್ಬಿನ ಹೊಲ ಬರಿನೆಲದಂತೆ ಕಾಣುವುದುಂಟು. ಅದಲ್ಲದೆ, ಈ ತಾಲ್ಲೂಕು ಗೋಕಾಕದಿಂದ ಬೇರ್ಪಟ್ಟದ್ದಾದ್ದರಿಂದ ಎರಡೂ ಕಾಲದ ಲೆಕ್ಕಕ್ಕೆ ಹಳೆಯ ತಾಲ್ಲೂಕಿನ ಗಡಿಯನ್ನೇ ಬಳಸಬೇಕು.