ಭಾನುವಾರದ ಪ್ರಬೋಧನೆ: ವಾಕ್ಯವನ್ನೂ ಜನರನ್ನೂ ಆಲಿಸುವ ಬಗೆ

ಭಾನುವಾರದ ಬಲಿಪೂಜೆಯಲ್ಲಿ ಶುಭಸಂದೇಶದ ವಾಚನ ಮುಗಿದು ಭಕ್ತವಿಶ್ವಾಸಿಗಳು ಕುಳಿತುಕೊಳ್ಳುವ ಹೊತ್ತಿಗೆ, ವಾರದ ಮತ್ತಾವ ದಿನವೂ ಸೇರದಷ್ಟು ಜನರು ಧರ್ಮಕೇಂದ್ರದ ಗುರುವಿನ ಮುಂದಿರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಮುಂದಿನ ಹತ್ತು ನಿಮಿಷಗಳೇ ಇಡೀ ವಾರಕ್ಕೆ ದೊರೆಯುವ ಧರ್ಮಬೋಧೆ. ಗುರುವಿಗಾದರೋ ಅದು ತಪ್ಪದೆ ಮರಳಿ ಬರುವ ಕರ್ತವ್ಯ. ವರ್ಷಕ್ಕೆ ಐವತ್ತೆರಡು ಭಾನುವಾರಗಳು, ಅವುಗಳ ಜೊತೆಗೆ ಹಬ್ಬಗಳು, ವಿವಾಹಗಳು, ಅಂತ್ಯಕ್ರಿಯೆಗಳು. ಹೀಗೆ ಮರಳಿ ಮರಳಿ ಬರುವ ಕಾರ್ಯವು ಕಾಲಕ್ರಮದಲ್ಲಿ ಅಭ್ಯಾಸಬಲದಿಂದಲೇ ನಡೆಯತೊಡಗುವುದು ಸಹಜ. ಪ್ರಬೋಧನೆ ಎಂದರೇನು, ಅದು ಎಲ್ಲಿಂದ ಆರಂಭವಾಗಬೇಕು, ಧರ್ಮಕೇಂದ್ರದ ದಿನನಿತ್ಯದ ಬದುಕಿಗೆ ಅದರಲ್ಲಿ ಯಾವ ಸ್ಥಾನವಿದೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ಹೆಸರನ್ನು ಗಮನಿಸೋಣ. ಕರಾವಳಿಯ ಕೊಂಕಣಿ ಕಥೋಲಿಕರು ಇದನ್ನು ‘ಶೆರ್ಮಾಂವ್’ ಎನ್ನುತ್ತಾರೆ; ಅದು ಪೋರ್ಚುಗೀಸ್ ಮೂಲದ ಪದ. ಕನ್ನಡದಲ್ಲಿ ‘ಪ್ರಸಂಗ’ ಹಾಗೂ ‘ಪ್ರಬೋಧನೆ’ ಎಂಬ ಎರಡು ಪದಗಳೂ ಬಳಕೆಯಲ್ಲಿವೆ. ಪ್ರಬೋಧನೆ ಎಂದರೆ ಎಚ್ಚರಗೊಳಿಸುವುದು. ಪ್ರಸಂಗ ಎಂಬುದಕ್ಕೆ ಭಾಷಣ ಎಂಬ ಅರ್ಥದೊಡನೆ ಸಂದರ್ಭ ಎಂಬ ಅರ್ಥವೂ ಉಂಟು. ಸಂದರ್ಭವನ್ನು ಮರೆತ ಪ್ರಸಂಗವು ಹೆಸರಿಗೆ ಮಾತ್ರ ಪ್ರಸಂಗ. ಧರ್ಮಸಭೆಯು ಆದಿಯಿಂದಲೂ ಬಳಸುತ್ತಾ ಬಂದಿರುವ ಗ್ರೀಕ್ ಪದ ‘ಹೊಮಿಲಿಯಾ’. ಇದರ ಮೂಲಾರ್ಥ ಭಾಷಣವಲ್ಲ, ಸಂಭಾಷಣೆ. ಎಮ್ಮಾವು ಗ್ರಾಮದ ಹಾದಿಯಲ್ಲಿ ಇಬ್ಬರು ಶಿಷ್ಯರು ನಡೆದುದೆಲ್ಲವನ್ನೂ ಕುರಿತು ತಮ್ಮೊಳಗೆ ಮಾತನಾಡಿಕೊಳ್ಳುತ್ತಿದ್ದರು ಎನ್ನುವಲ್ಲಿ ಸಂತ ಲೂಕನು ಇದೇ ಧಾತುವಿನ ಕ್ರಿಯಾಪದವನ್ನು ಬಳಸುತ್ತಾನೆ (24:14). ಪ್ರೇಷಿತರ ಕಾರ್ಯಕಲಾಪಗಳಲ್ಲಿ, ತ್ರೋವದ ಮೇಲಂತಸ್ತಿನ ಕೊಠಡಿಯಲ್ಲಿ ಪೌಲನು ಬೆಳಗಾಗುವ ತನಕ ಮಾತನಾಡಿದ ಎಂಬಲ್ಲಿಯೂ ಅದೇ ಪದವಿದೆ (20:11). ಆ ರಾತ್ರಿ ಕಿಟಕಿಯಲ್ಲಿ ಕುಳಿತಿದ್ದ ಯೂತಿಖನೆಂಬ ಯುವಕನು ತೂಕಡಿಸಿ ಕೆಳಕ್ಕೆ ಬಿದ್ದನೆಂಬುದನ್ನು ಲೂಕನು ಮರೆಮಾಚದೆ ಬರೆದಿರುವುದು ದೀರ್ಘವಾಗಿ ಬೋಧಿಸುವ ನಮ್ಮಂಥವರಿಗೆ ಸಮಾಧಾನವೋ ಎಚ್ಚರಿಕೆಯೋ, ಓದುಗರೇ ನಿರ್ಧರಿಸಲಿ.

ಸುಮಾರು 155ರಲ್ಲಿ ರೋಮ್ ನಗರದಲ್ಲಿ ಸಂತ ಜಸ್ಟಿನನು ಬರೆದ ಪ್ರಥಮ ಸಮರ್ಥನಾ ಗ್ರಂಥದಲ್ಲಿ ಭಾನುವಾರದ ಸಭೆಯ ವರ್ಣನೆಯಿದೆ. ಪ್ರೇಷಿತರ ನೆನಪುಗಳನ್ನು ಅಥವಾ ಪ್ರವಾದಿಗಳ ಬರಹಗಳನ್ನು ಸಮಯವಿದ್ದಷ್ಟು ಓದಲಾಗುತ್ತಿತ್ತು. ಓದುಗನು ನಿಲ್ಲಿಸಿದ ಮೇಲೆ ಸಭೆಯ ಅಧ್ಯಕ್ಷನು ಕೇಳಿದ್ದನ್ನು ಅನುಸರಿಸುವಂತೆ ಜನರಿಗೆ ಬೋಧಿಸುತ್ತಿದ್ದನು. ಬಳಿಕ ಎಲ್ಲರೂ ಎದ್ದು ಪ್ರಾರ್ಥಿಸುತ್ತಿದ್ದರು. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ತರಲಾಗುತ್ತಿತ್ತು. ಬರಲಾಗದವರಿಗೆ ಸೇವಾದರ್ಶಿಗಳು ಪ್ರಸಾದವನ್ನು ಕೊಂಡೊಯ್ಯುತ್ತಿದ್ದರು. ಕಾಣಿಕೆಯು ಅನಾಥರಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯಲ್ಲಿದ್ದವರಿಗೂ ಸಲ್ಲುತ್ತಿತ್ತು. ಇಲ್ಲಿನ ಕ್ರಮವು ಗಮನಾರ್ಹ. ಬೋಧನೆಯು ಓದಿದ ವಾಕ್ಯದಿಂದ ಹೊರಟು ಬಲಿಪೀಠದ ಕಡೆಗೂ ಬಡವರ ಕಡೆಗೂ ಸಾಗುತ್ತದೆ.

ಮಧ್ಯಯುಗದ ನಂತರ ಈ ಕೊಂಡಿ ಬಹುಮಟ್ಟಿಗೆ ಸಡಿಲಗೊಂಡು, ಪ್ರಸಂಗವು ಬಲಿಪೂಜೆಯ ನಡುವೆ ಬಂದು ಹೋಗುವ ಪ್ರತ್ಯೇಕ ಉಪದೇಶದಂತಾಯಿತು. ಅದನ್ನು ಸರಿಪಡಿಸಿದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆ. 1963ರ ಡಿಸೆಂಬರ್ 4ರಂದು ಘೋಷಿತವಾದ ದೈವಾರಾಧನಾ ಸಂವಿಧಾನದ 52ನೆಯ ವಿಧಿಯು ಪ್ರಬೋಧನೆಯನ್ನು ಆರಾಧನೆಯ ಅಂಗವೆಂದೇ ಸಾರಿ, ಜನರು ಸೇರುವ ಭಾನುವಾರಗಳಲ್ಲಿಯೂ ಕಡ್ಡಾಯ ಹಬ್ಬಗಳಲ್ಲಿಯೂ ಗಂಭೀರ ಕಾರಣವಿಲ್ಲದೆ ಅದನ್ನು ಬಿಡಬಾರದೆಂದಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 767ನೆಯ ನಿಯಮವೂ ಇದನ್ನೇ ಹೇಳುತ್ತದೆ. 1969ರಲ್ಲಿ ಹೊರಬಂದ ಹೊಸ ವಾಚನಕ್ರಮವು ಭಾನುವಾರದ ವಾಚನಗಳನ್ನು ಮೂರು ವರ್ಷಗಳ ಚಕ್ರಕ್ಕೆ ವಿಸ್ತರಿಸಿತು: ಎ ವರ್ಷದಲ್ಲಿ ಮತ್ತಾಯ, ಬಿ ವರ್ಷದಲ್ಲಿ ಮಾರ್ಕ, ಸಿ ವರ್ಷದಲ್ಲಿ ಲೂಕ. ಸಾಮಾನ್ಯ ಕಾಲದ ಭಾನುವಾರಗಳಲ್ಲಿ ಹಳೆಯ ಒಡಂಬಡಿಕೆಯ ಮೊದಲ ವಾಚನವನ್ನು ಆ ದಿನದ ಶುಭಸಂದೇಶಕ್ಕೆ ಹೊಂದುವಂತೆ ಆಯ್ದಿರುತ್ತಾರೆ. ಎರಡನೆಯ ವಾಚನವು ಪ್ರೇಷಿತರ ಪತ್ರಗಳಲ್ಲಿ ತನ್ನದೇ ದಾರಿಯಲ್ಲಿ ಮುಂದುವರಿಯುತ್ತದೆ. ಈ ಕೊನೆಯ ಅಂಶವನ್ನು ಅರಿಯದೆ ಮೂರು ವಾಚನಗಳನ್ನೂ ಬಲವಂತವಾಗಿ ಒಂದೇ ಹಗ್ಗದಿಂದ ಕಟ್ಟಲು ಹೆಣಗುವ ಪ್ರಬೋಧನೆಗಳನ್ನು ನಾವು ಬಹಳ ಕೇಳಿದ್ದೇವೆ, ಕೆಲವನ್ನು ಮಾಡಿಯೂ ಇದ್ದೇವೆ.

ಈ ವ್ಯವಸ್ಥೆಯ ಮುಖ್ಯ ಪರಿಣಾಮವೆಂದರೆ, ಗುರುವು ತನ್ನ ವಿಷಯವನ್ನು ತಾನೇ ಆರಿಸಿಕೊಳ್ಳುವುದಿಲ್ಲ. ಅದು ಅವನಿಗೆ ಕೊಡಲ್ಪಡುತ್ತದೆ. ಇದು ಪುಸ್ತಕದಲ್ಲಿ ಓದಿ ನಮಗೆ ತಿಳಿದಿತ್ತು. ಮನದಟ್ಟಾದುದು ಬೇರೆ ರೀತಿಯಲ್ಲಿ.

ಗುರುದೀಕ್ಷೆ ಪಡೆದ ಕೆಲವೇ ವರ್ಷಗಳಲ್ಲಿ ಮೈಸೂರು ಸೀಮೆಯ ಒಂದು ಗ್ರಾಮೀಣ ಧರ್ಮಕೇಂದ್ರದ ಹೊಣೆ ನಮ್ಮದಾಯಿತು. ಭಾನುವಾರ ಬೆಳಿಗ್ಗೆ ಏಳಕ್ಕೆ ಬಲಿಪೂಜೆ. ಆರಂಭದಲ್ಲಿ ದೇವಾಲಯ ಅರ್ಧ ಖಾಲಿ; ವಾಚನಗಳು ನಡೆಯುತ್ತಿರುವಾಗ, ಕೆಲವೊಮ್ಮೆ ಪ್ರಬೋಧನೆಯೂ ಮುಗಿಯುತ್ತಿರುವಾಗ, ಹಿಂದಿನ ಬಾಗಿಲಿನಿಂದ ಒಬ್ಬೊಬ್ಬರಾಗಿ ಒಳಬಂದು ಕಂಬಗಳ ಮರೆಯಲ್ಲಿ ನಿಲ್ಲುವವರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಕೆಲವು ತಿಂಗಳು ನೋಡಿದೆವು. ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ತಾಳ್ಮೆ ತಪ್ಪಿತು. ತಡವಾಗಿ ಬರುವುದು ದೇವರಿಗೆ ಮಾಡುವ ಅಗೌರವವೆಂದೂ, ಬಸ್ಸಿಗಾದರೆ ಸಮಯಕ್ಕೆ ಸರಿಯಾಗಿ ಹೋಗುವವರು ದೇವರನ್ನು ಮಾತ್ರ ಕಾಯಿಸುತ್ತಾರೆಂದೂ ಹನ್ನೆರಡು ನಿಮಿಷ ಗದರಿದೆವು. ಬಲಿಪೂಜೆಯ ಬಳಿಕ ವೃದ್ಧೆಯೊಬ್ಬರು ಬಾಗಿಲಲ್ಲಿ ಕೈಮುಗಿದು, ಕೋಪವಿಲ್ಲದ ದನಿಯಲ್ಲಿಯೇ ಕೇಳಿದರು: “ಭಾನುವಾರ ಅಂತ ಹಸು ಹಾಲು ಕೊಡೋದು ಬಿಡ್ತದಾ ಸ್ವಾಮಿ? ಡೈರಿಗೆ ಹಾಲು ಹಾಕಿ ಬರೋದು ಬ್ಯಾಡ್ವಾ?”

ಊರಿನ ಹಾಲಿನ ಡೈರಿ ತೆರೆದಿರುತ್ತಿದ್ದುದು ಅದೇ ಹೊತ್ತಿನಲ್ಲಿ. ಕರೆದು, ಹೊತ್ತುಕೊಂಡು ಹೋಗಿ, ಸಾಲಿನಲ್ಲಿ ನಿಂತು, ಡಿಗ್ರಿ ನೋಡಿಸಿ, ಅಳೆದು ಕೊಟ್ಟು, ಪಾತ್ರೆಯನ್ನು ಮನೆಗೆ ಮುಟ್ಟಿಸಿ, ಸೀರೆ ಬದಲಿಸಿ ಬರುವಷ್ಟರಲ್ಲಿ ಕೀರ್ತನೆ ಮುಗಿದಿರುತ್ತಿತ್ತು. ಹಲವು ಮನೆಗಳಿಗೆ ಆ ಹಾಲಿನ ಹಣವೇ ಕೈಗೆ ಬರುವ ನಗದು. ಗುರುಮನೆಗೂ ಹಾಲು ಬರುತ್ತಿದ್ದುದು ಅವರಲ್ಲೊಬ್ಬರ ಮನೆಯಿಂದಲೇ. ಅದು ಎಷ್ಟು ಹೊತ್ತಿಗೆ ಬರುತ್ತದೆ, ಯಾರು ತರುತ್ತಾರೆ ಎಂದು ನಾವು ಒಮ್ಮೆಯೂ ಯೋಚಿಸಿರಲಿಲ್ಲ.

ಆ ದಿನದ ಶುಭಸಂದೇಶ ಯಾವುದಾಗಿತ್ತು ಎಂಬುದು ಮಧ್ಯಾಹ್ನ ಊಟಕ್ಕೆ ಕುಳಿತಾಗ ನೆನಪಾಯಿತು. ಎ ವರ್ಷದ ಸಾಮಾನ್ಯ ಕಾಲದ ಇಪ್ಪತ್ತೈದನೆಯ ಭಾನುವಾರ: ಮತ್ತಾಯ 20:1–16, ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ. ತಡವಾಗಿ ಬಂದವರಿಗೂ ಪೂರ್ತಿ ಕೂಲಿ ಕೊಟ್ಟ ಯಜಮಾನನ ಕಥೆಯನ್ನು ನಮ್ಮ ಬಾಯಿಂದಲೇ ಘೋಷಿಸಿ, ಗ್ರಂಥವನ್ನು ಮುಚ್ಚಿ, ತಡವಾಗಿ ಬಂದವರನ್ನು ಬೈದಿದ್ದೆವು!

ಈ ಸಾಮತಿಯನ್ನು ಆ ವಾರ ಮೊದಲೇ ಕುಳಿತು ಓದಿದ್ದರೆ ಏನು ಕಾಣುತ್ತಿತ್ತು? ಯಜಮಾನನು ಆಳುಗಳನ್ನು ಕರೆತರಲು ಐದು ಬಾರಿ ತಾನೇ ಹೊರಗೆ ಹೋಗುತ್ತಾನೆ. ಸಂಜೆಯ ಹೊತ್ತಿಗೆ ಇನ್ನೂ ನಿಂತಿದ್ದವರನ್ನು ಕಂಡಾಗ ಅವನು ಮೊದಲು ಮಾಡುವುದು ಪ್ರಶ್ನೆ ಕೇಳುವುದು: ಏಕೆ ಹೀಗೆ ನಿಂತಿದ್ದೀರಿ? ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎಂಬ ಅವರ ಉತ್ತರವನ್ನು ಅವನು ನಂಬುತ್ತಾನೆ. ನಾವು ಕೇಳದೆ ಉಳಿದದ್ದು ಈ ಪ್ರಶ್ನೆಯನ್ನೇ. ಇನ್ನೊಂದು ಸಂಗತಿಯೂ ಇದೆ. ಸಾಮತಿಯ ಹಿಂದಿನ ಅಧ್ಯಾಯದಲ್ಲಿ ಪೇತ್ರನು, ಎಲ್ಲವನ್ನೂ ಬಿಟ್ಟು ಬಂದ ತಮಗೆ ಏನು ದೊರೆಯುವುದೆಂದು ಯೇಸುಸ್ವಾಮಿಯನ್ನು ಕೇಳಿರುತ್ತಾನೆ (19:27). ಎಂದರೆ ಈ ಸಾಮತಿಯು ಮೊದಲು ಮುಟ್ಟುವುದು ಮೊದಲೇ ಬಂದವರನ್ನು, ತಮ್ಮದು ದಿನವಿಡೀ ದುಡಿದ ಬಾಳೆಂದು ಭಾವಿಸುವವರನ್ನು. ಧರ್ಮಕೇಂದ್ರದಲ್ಲಿ ಮುಂಜಾನೆಯ ಆಳು ಗುರುವೇ. ಅಂದಿನ ಮೊದಲ ವಾಚನ ಯೆಶಾಯನ ಐವತ್ತೈದನೆಯ ಅಧ್ಯಾಯದ್ದು. ದೇವರ ಆಲೋಚನೆಗಳು ಮಾನವರ ಆಲೋಚನೆಗಳಿಗಿಂತ ಎಷ್ಟು ಎತ್ತರ ಎಂಬುದೇ ಅದರ ವಿಷಯ. ಪೀಠದ ಮುಂದೆ ನಿಂತವರ ಆಲೋಚನೆಗಳೂ ಆ ಮಾತಿನ ವ್ಯಾಪ್ತಿಗೆ ಸೇರಿವೆ.

ಜಗದ್ಗುರು ಫ್ರಾನ್ಸಿಸ್‌ರವರು 2013ರಲ್ಲಿ ಹೊರಡಿಸಿದ ‘ಎವಾಂಜೆಲಿ ಗೌದಿಯುಂ’ ಎಂಬ ಪ್ರೇಷಿತ ಪ್ರಬೋಧನಾ ಪತ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪರಿಚ್ಛೇದಗಳನ್ನು ಭಾನುವಾರದ ಪ್ರಬೋಧನೆಗೆ ಹಾಗೂ ಅದರ ಸಿದ್ಧತೆಗೆ ಮೀಸಲಿಟ್ಟಿದ್ದಾರೆ. ಬೋಧಕನು ವಾಕ್ಯವನ್ನು ಧ್ಯಾನಿಸುವಂತೆಯೇ ತನ್ನ ಜನರನ್ನೂ ಧ್ಯಾನಿಸಬೇಕು, ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರಿಸುತ್ತಾ ನಿಲ್ಲಬಾರದು ಎಂಬುದು ಅಲ್ಲಿನ ಮುಖ್ಯ ಸೂಚನೆಗಳಲ್ಲೊಂದು (154–155). ಇದು ಸಂಪೂರ್ಣ ಹೊಸದಲ್ಲ. 1965ರಲ್ಲಿಯೇ ಮಹಾಸಭೆಯು ಗುರುಗಳ ಸೇವೆಯನ್ನು ಕುರಿತ ತನ್ನ ಆಜ್ಞಪ್ತಿಯ 4ನೆಯ ಪರಿಚ್ಛೇದದಲ್ಲಿ, ದೇವರ ವಾಕ್ಯವನ್ನು ಅಮೂರ್ತವಾಗಿ ವಿವರಿಸಿ ಬಿಡದೆ ಬದುಕಿನ ಪ್ರತ್ಯಕ್ಷ ಸ್ಥಿತಿಗತಿಗಳಿಗೆ ಅನ್ವಯಿಸಬೇಕೆಂದು ಹೇಳಿತ್ತು. ಎರಡನ್ನೂ ಒಟ್ಟಿಗೆ ಆಲಿಸುವುದೇ ಕಷ್ಟ. ವಾಕ್ಯವನ್ನು ಮಾತ್ರ ಆಲಿಸಿದವನ ಪ್ರಬೋಧನೆ ತರಗತಿಯ ಪಾಠವಾಗುತ್ತದೆ. ದೈವಶಾಸ್ತ್ರ ಕಲಿಸುವ ನಮ್ಮಂಥವರ ರೋಗ ಅದು. ಜನರನ್ನು ಮಾತ್ರ ನೋಡಿದವನದು ದೂರಿನ ಪಟ್ಟಿಯೋ ಊರ ವಾರ್ತೆಯೋ ಆಗುತ್ತದೆ.

ಎರಡನ್ನೂ ಕೂಡಿಸಿದ ಉದಾಹರಣೆ ಬೇಕೆಂದರೆ ಎಲ್ ಸಾಲ್ವದೋರ್ ದೇಶದ ಸಂತ ಆಸ್ಕರ್ ರೊಮೆರೊ ಅವರನ್ನು ನೆನೆಯಬಹುದು. 1977ರಿಂದ 1980ರ ತನಕ ಸಾನ್ ಸಾಲ್ವದೋರಿನ ಮಹಾಧರ್ಮಾಧ್ಯಕ್ಷರಾಗಿದ್ದ ಅವರ ಭಾನುವಾರದ ಪ್ರಬೋಧನೆಗಳು ಧರ್ಮಪ್ರಾಂತ್ಯದ ರೇಡಿಯೋ ಮೂಲಕ ದೇಶದ ಮೂಲೆಮೂಲೆಗೂ ತಲುಪುತ್ತಿದ್ದವು. ಅಂದಿನ ವಾಚನಗಳ ವಿಸ್ತಾರವಾದ ವಿವರಣೆಯ ಬಳಿಕವೇ ಆ ವಾರ ಕೊಲೆಯಾದವರ, ಕಣ್ಮರೆಯಾದವರ ಹೆಸರುಗಳನ್ನು ಅವರು ಓದುತ್ತಿದ್ದರು. ಅವು ದೀರ್ಘವಾದ ಪ್ರಬೋಧನೆಗಳು, ಆದರೂ ಜನ ರೇಡಿಯೋ ಬಿಟ್ಟು ಏಳುತ್ತಿರಲಿಲ್ಲ. 1980ರ ಮಾರ್ಚ್ 23ರ ಭಾನುವಾರ, ಸ್ವಂತ ಜನರನ್ನು ಕೊಲ್ಲುವುದನ್ನು ನಿಲ್ಲಿಸಿರೆಂದು ಸೈನಿಕರಿಗೆ ಕರೆಯಿತ್ತರು. ಮರುದಿನ ಬಲಿಪೂಜೆ ಅರ್ಪಿಸುತ್ತಿರುವಾಗ ಗುಂಡಿಗೆ ಬಲಿಯಾದರು. ನಮ್ಮ ಧರ್ಮಕೇಂದ್ರಗಳ ಪರಿಸ್ಥಿತಿ ಅದಲ್ಲ. ಆದರೆ ಕ್ರಮ ಅದೇ: ಮೊದಲು ವಾಕ್ಯ, ಅದರ ಬೆಳಕಿನಲ್ಲಿ ವಾರ.

ಸಿದ್ಧತೆಯ ಬಗ್ಗೆ ಎರಡು ಮಾತು. ಶನಿವಾರ ರಾತ್ರಿ ಮೊಬೈಲ್ ತೆರೆದರೆ ಸಿದ್ಧ ಪ್ರಬೋಧನೆಗಳಿಗೆ ಕೊರತೆಯಿಲ್ಲ. ಅವುಗಳಲ್ಲಿನ ಹಿಮದಲ್ಲಿ ಸಿಲುಕಿದ ಪರ್ವತಾರೋಹಿಯನ್ನೂ ಸಮುದ್ರತೀರದ ನಕ್ಷತ್ರಮೀನುಗಳನ್ನೂ ನಮ್ಮ ಜನರು ಇಷ್ಟರಲ್ಲಿ ಹಲವು ಗುರುಗಳ ಬಾಯಿಂದ ಕೇಳಿ ಬಲ್ಲರು. ಇಂಗ್ಲಿಷಿನಲ್ಲಿ ಓದಿ ಮನಸ್ಸಿನಲ್ಲಿಯೇ ಅನುವಾದಿಸುತ್ತಾ ಮಾತನಾಡುವ ಪ್ರಬೋಧನೆಯ ಕನ್ನಡವೂ ಎರವಲಿನದೇ ಆಗಿರುತ್ತದೆ. ನಮ್ಮ ಗುರುಮಠದ ವಿದ್ಯಾರ್ಥಿಗಳಿಗೆ ನಾವು ಹೇಳುವುದಿಷ್ಟು: ಸೋಮವಾರವೇ ಮುಂದಿನ ಭಾನುವಾರದ ಶುಭಸಂದೇಶವನ್ನು ಕನ್ನಡದಲ್ಲಿ, ಗಟ್ಟಿಯಾಗಿ ಓದಿರಿ, ವ್ಯಾಖ್ಯಾನ ಗ್ರಂಥವನ್ನು ಬುಧವಾರದ ತನಕ ತೆರೆಯಬೇಡಿರಿ, ಆ ನಡುವೆ ರೋಗಿಗಳ ಮನೆಗೆ, ಸಾವಿನ ಮನೆಗೆ ಹೋಗುವಾಗ ಆ ವಾಕ್ಯ ನಿಮ್ಮೊಡನಿರಲಿ. ಉದ್ದದ ವಿಷಯದಲ್ಲಿ ಜಗದ್ಗುರುಗಳು 2024ರ ಜೂನ್ 12ರ ಸಾರ್ವಜನಿಕ ಭೇಟಿಯಲ್ಲಿ ಎಂಟು ನಿಮಿಷ ಮೀರಬಾರದೆಂದರು. ನಮಗೆ ಹತ್ತು ಬೇಕಾಗುತ್ತದೆ, ಪ್ರಯತ್ನದಲ್ಲಿದ್ದೇವೆ.

ಇಷ್ಟೆಲ್ಲ ಮಾಡಿದ ಮೇಲೂ ಪ್ರಬೋಧನೆ ಸಪ್ಪೆಯಾಗುವ ಭಾನುವಾರಗಳುಂಟು. ಸುಮಾರು 400ರಲ್ಲಿ ಕಾರ್ಥೇಜಿನ ದೇವೊಗ್ರಾತಿಯಸ್ ಎಂಬ ಸೇವಾದರ್ಶಿಯು ತನ್ನ ಬೋಧನೆ ತನಗೇ ಬೇಸರ ತರಿಸುತ್ತಿದೆಯೆಂದು ಸಂತ ಅಗಸ್ಟೀನರಿಗೆ ಬರೆದನು. ಅಂದಿನ ಮಹಾವಾಗ್ಮಿಯಾಗಿದ್ದ ಅಗಸ್ಟೀನರು, ತಮ್ಮ ಮಾತೂ ತಮಗೆ ಬಹುತೇಕ ಯಾವಾಗಲೂ ತೃಪ್ತಿ ಕೊಡುವುದಿಲ್ಲ ಎಂದು ಉತ್ತರಿಸಿದರು. ಜೊತೆಗೆ, ಕೇಳುವವನು ನಿಂತು ದಣಿದಿದ್ದರೆ ಅವನಿಗೆ ಕೂರಲು ಆಸನ ಕೊಡಬೇಕೆಂದೂ ಹೇಳಿದರು. ಅಲಂಕಾರಶಾಸ್ತ್ರದ ಅಧ್ಯಾಪಕರಾಗಿದ್ದವರು ಆಸನದ ಬಗ್ಗೆ ಚಿಂತಿಸಿದರೆಂಬುದು ನಮಗೆ ತುಂಬ ಹಿಡಿಸಿದ ಸಂಗತಿ.

ನಮ್ಮ ಧರ್ಮಕೇಂದ್ರದ ವಿಷಯಕ್ಕೆ ಮರಳುವುದಾದರೆ, ಮರುವಾರದ ಶುಭಸಂದೇಶ ಮತ್ತಾಯ 21:28–32, ತೋಟಕ್ಕೆ ಹೋಗುವುದಿಲ್ಲವೆಂದು ಹೇಳಿ ಬಳಿಕ ಮನಸ್ಸು ಬದಲಿಸಿ ಹೋದ ಮಗನ ಸಾಮತಿ. ಕ್ಷಮೆ ಕೇಳಲು ಅದಕ್ಕಿಂತ ಅನುಕೂಲವಾದ ವಾಚನವಿರಲಿಲ್ಲ. ಆದರೂ ಪ್ರಬೋಧನೆಯಲ್ಲಿ ಕೇಳಲಿಲ್ಲ. ಹಾಗೆ ಮಾಡಿದ್ದರೆ ಎರಡನೆಯ ವಾರವೂ ಗುರುವೇ ವಿಷಯವಾಗುತ್ತಿದ್ದ. ರೋಮನ್ ಪೂಜಾವಿಧಿಯು ಪ್ರಕಟಣೆಗಳಿಗೆ ಬೇರೆಯೇ ಸ್ಥಳವನ್ನು ಕೊಟ್ಟಿದೆ: ಪರಮಪ್ರಸಾದದ ನಂತರದ ಪ್ರಾರ್ಥನೆ ಮುಗಿದ ಮೇಲೆ, ಅಂತಿಮ ಆಶೀರ್ವಾದಕ್ಕೆ ಮುನ್ನ. ಕಾಂಪೌಂಡ್ ಗೋಡೆಯ ಲೆಕ್ಕ, ಹಬ್ಬದ ವಂತಿಗೆ, ಗುರುವಿನ ಅಸಮಾಧಾನ, ಗುರುವಿನ ಕ್ಷಮಾಯಾಚನೆ, ಎಲ್ಲಕ್ಕೂ ಅದೇ ತಕ್ಕ ಜಾಗ. ಅಲ್ಲಿಯೇ ಮೂರು ವಾಕ್ಯಗಳಲ್ಲಿ ಕೇಳಿದೆವು. ಪೂಜೆಯ ವೇಳೆಯ ವಿಷಯ ಪಾಲನಾ ಸಮಿತಿಗೆ ಹೋಯಿತು. ಎಂಟಕ್ಕೆ ಬದಲಿಸಿದರೆ ಪಟ್ಟಣದಲ್ಲಿ ಭಾನುವಾರವೂ ಕೆಲಸವಿರುವವರಿಗೆ ಬಸ್ಸು ತಪ್ಪುತ್ತದೆಂಬ ಆಕ್ಷೇಪ ಬಂದು, ಎರಡು ತಿಂಗಳು ಚರ್ಚೆ ನಡೆದು, ಕೊನೆಗೆ ಏಳೂವರೆ ಎಂದಾಯಿತು. ಕೆಲವರಿಗೆ ಅದೂ ಬೇಗ, ಕೆಲವರಿಗೆ ತಡ. ಹಿಂದಿನ ಬಾಗಿಲಿನಿಂದ ಬರುವವರು ಆಮೇಲೂ ಇದ್ದರು. ಅವರಿಗಾಗಿ ಕಂಬದ ಬಳಿ ಎರಡು ಬೆಂಚು ಹಾಕಿಸಿದೆವು.