ಮಿಸ್ತ್ರಾಲ್: ಕೈಬರಹದ ಚೆಲುವು, ಅಚ್ಚಿನ ಕಟ್ಟುಪಾಡು

ಅಚ್ಚಿನ ಅಕ್ಷರಗಳನ್ನು ಉಪಯೋಗದ ದೃಷ್ಟಿಯಿಂದ ಎರಡು ವರ್ಗಗಳಾಗಿ ವಿಂಗಡಿಸಬಹುದು. ಪುಸ್ತಕದ ಪುಟಗಳನ್ನು ತುಂಬುವ ಅಕ್ಷರಗಳು ಮೊದಲನೆಯವು; ಅವು ತಮ್ಮ ರೂಪವನ್ನು ಮರೆಸಿ ಓದುಗನನ್ನು ಅರ್ಥದತ್ತ ಕೊಂಡೊಯ್ಯುತ್ತವೆ. ಶೀರ್ಷಿಕೆ, ಭಿತ್ತಿಪತ್ರ, ಅಂಗಡಿಯ ಫಲಕ ಮುಂತಾದವುಗಳಿಗೆ ಮೀಸಲಾದವು ಎರಡನೆಯವು. ಕಣ್ಣನ್ನು ಸೆಳೆಯುವುದೇ ಅವುಗಳ ಮೊದಲ ಕಾರ್ಯ. ಈ ಎರಡನೆಯ ವರ್ಗದ ಶಕ್ತಿಯನ್ನೂ ಮಿತಿಯನ್ನೂ ಅರಿಯಲು ಫ್ರಾನ್ಸ್ ದೇಶದ ‘ಮಿಸ್ತ್ರಾಲ್’ ಒಂದು ಉತ್ತಮ ನಿದರ್ಶನವಾಗಿದೆ.

ಇದನ್ನು ರಚಿಸಿದವರು ಮಾರ್ಸೇಲ್ ನಗರದಲ್ಲಿ ಜನಿಸಿದ ರೋಜೆ ಎಕ್ಸ್‌ಕೊಫೋನ್ (1910–1983). 1968ರ ಗ್ರೆನೋಬ್ಲ್ ಚಳಿಗಾಲದ ಒಲಿಂಪಿಕ್ ಕ್ರೀಡೆಗಳ ಲಾಂಛನವೂ ಇವರದೇ. ತಮ್ಮ ಕೈಬರಹವನ್ನೇ ಆಧಾರವಾಗಿಟ್ಟುಕೊಂಡು ಇವರು ರೂಪಿಸಿದ ಈ ಅಕ್ಷರಗಳನ್ನು ಅದೇ ನಗರದ ಓಲೀವ್ ಎರಕಶಾಲೆ 1953ರಲ್ಲಿ ಹೊರತಂದಿತು. ದಕ್ಷಿಣ ಫ್ರಾನ್ಸಿನಲ್ಲಿ ಬೀಸುವ ಬಿರುಸಾದ ಶೀತಮಾರುತಕ್ಕೆ ಮಿಸ್ತ್ರಾಲ್ ಎಂದು ಹೆಸರು. ಗಾಳಿಗೆ ಸಿಕ್ಕಿದಂತೆ ಮುನ್ನುಗ್ಗುವ ಈ ಅಕ್ಷರಗಳಿಗೆ ಆ ಹೆಸರು ಒಪ್ಪುತ್ತದೆ.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ಸಮಸ್ಯೆಯೊಂದುಂಟು. ಕೈಬರಹವು ಎಡೆಬಿಡದೆ ಹರಿಯುವ ಗೆರೆ. ಅಚ್ಚಿನ ಮೊಳೆಗಳಾದರೋ ಒಂದೊಂದೂ ಬೇರೆಬೇರೆಯಾದ ಲೋಹದ ತುಂಡುಗಳು. ತುಂಡುಗಳಿಂದ ಹರಿವನ್ನು ಪಡೆಯುವುದು ಹೇಗೆ? ಪ್ರತಿಯೊಂದು ಸಣ್ಣಕ್ಷರದ ಕೊನೆಯ ಗೆರೆಯೂ ಮೊಳೆಯ ಅಂಚನ್ನು ಮುಟ್ಟಬೇಕು. ಮುಂದಿನ ಅಕ್ಷರವು ಅದೇ ಎತ್ತರದಲ್ಲಿ ಅದನ್ನು ಬರಮಾಡಿಕೊಳ್ಳಬೇಕು. ಯಾವ ಅಕ್ಷರದ ಪಕ್ಕದಲ್ಲಿ ಯಾವುದು ಬರುವುದೆಂದು ಮುಂಚಿತವಾಗಿ ಹೇಳಲಾಗದುದರಿಂದ, ಈ ಬೆಸುಗೆ ಎಲ್ಲ ಜೋಡಣೆಗಳಿಗೂ ಹೊಂದಬೇಕು. ಇಷ್ಟು ಬಿಗಿಯಾದ ನಿಯಮಕ್ಕೆ ಒಳಪಟ್ಟೂ ಮಿಸ್ತ್ರಾಲ್ ಅಕ್ಷರಗಳು ಏರಿಳಿಯುತ್ತವೆ. ಅವುಗಳ ಅಂಚು ಕುಂಚದಿಂದ ಎಳೆದಂತೆ ಒರಟಾಗಿದೆ. ಸ್ವಚ್ಛಂದವೆಂದು ನಮಗೆ ತೋರುವುದು ವಾಸ್ತವವಾಗಿ ಕಟ್ಟುನಿಟ್ಟಾದ ಲೆಕ್ಕಾಚಾರದ ಫಲ.

ಇದರ ಬಳಕೆಯ ನಿಯಮಗಳೂ ಈ ರಚನೆಯಿಂದಲೇ ಹುಟ್ಟುತ್ತವೆ. ಅಕ್ಷರಗಳ ನಡುವೆ ಅಂತರವಿಟ್ಟರೆ ಬೆಸುಗೆ ಮುರಿಯುತ್ತದೆ. ದೊಡ್ಡಕ್ಷರಗಳನ್ನೇ ಸಾಲಾಗಿ ಜೋಡಿಸಿದರೆ ಓದುವುದು ಕಷ್ಟ. ದೀರ್ಘ ವಾಕ್ಯಗಳಿಗೂ ಇದು ಸಲ್ಲದು. ಮನುಷ್ಯನ ಕೈ ಒಂದು ಅಕ್ಷರವನ್ನು ಎರಡು ಬಾರಿ ಒಂದೇ ತೆರನಾಗಿ ಬರೆಯಲಾರದು, ಮೊಳೆಯಾದರೋ ಬೇರೆ ತೆರನಾಗಿ ಮುದ್ರಿಸಲಾರದು. ಬರಹ ಉದ್ದವಾದಷ್ಟೂ ಈ ಪುನರಾವೃತ್ತಿ ಬಯಲಾಗುತ್ತದೆ. ದೊಡ್ಡ ಗಾತ್ರದ ಒಂದೆರಡು ಪದಗಳಲ್ಲಿ ಮಾತ್ರ ಭ್ರಮೆ ಉಳಿಯುತ್ತದೆ. ಫ್ರಾನ್ಸಿನ ಅಂಗಡಿ ಫಲಕಗಳಲ್ಲಿ ಇದು ನೆಲೆಯೂರಿದುದಕ್ಕೂ, 2011ರ ‘ಡ್ರೈವ್’ ಚಲನಚಿತ್ರದ ಶೀರ್ಷಿಕೆಯಲ್ಲಿ ಗುಲಾಬಿ ಬಣ್ಣದಲ್ಲಿ ಮರಳಿ ಕಾಣಿಸಿಕೊಂಡುದಕ್ಕೂ ಇದೇ ಕಾರಣವೆಂದು ನಾವು ಭಾವಿಸುತ್ತೇವೆ. ಲೋಹದ ಮೊಳೆ ಮರೆಯಾಗಿ ಗಣಕಯಂತ್ರ ಬಂದ ಮೇಲೂ ಈ ಮಿತಿ ಹೋಗಲಿಲ್ಲ.

ಕನ್ನಡಕ್ಕೆ ಇಂತಹ ಅಕ್ಷರಗಳನ್ನು ರಚಿಸಬಯಸುವವರು ಮಿಸ್ತ್ರಾಲಿನ ಬಾಹ್ಯರೂಪವನ್ನು ಅನುಕರಿಸಿದರೆ ಸಾಲದು. ಅಲ್ಲಿ ಬೆಸುಗೆ ಅಕ್ಕಪಕ್ಕದ ಅಕ್ಷರಗಳದು. ನಮ್ಮಲ್ಲಿ ಅಕ್ಷರವು ತಲೆಕಟ್ಟು, ಗುಣಿತದ ಚಿಹ್ನೆ, ಕೆಳಗಿನ ಒತ್ತು ಇವುಗಳೊಡನೆ ಹೊಂದಬೇಕು. ಲಿಪಿಯ ಸ್ವಭಾವವನ್ನು ಮೊದಲು ಅರಿತು, ಅನಂತರ ಕೈಗೆ ಸ್ವಾತಂತ್ರ್ಯವನ್ನು ಕೊಡುವುದೇ ಉಚಿತವಾದ ಕ್ರಮ.