ಮಳೆಯೊಳಗೊಂದು ಮಲೆಯ ಹಾದಿ

ಕಾಲ್ನಡೆಯ ಪ್ರಯಾಣವು ನಮ್ಮ ಹಿರಿಯರಿಗೆ ಹೊಸ ಸಂಗತಿಯಲ್ಲ. ಬುತ್ತಿಯ ಗಂಟನ್ನು ಹೆಗಲಿಗೇರಿಸಿ ಕಾಶಿಯವರೆಗೆ ನಡೆದವರೂ, ಘಟ್ಟವನ್ನಿಳಿದು ಸುಬ್ರಹ್ಮಣ್ಯ ಧರ್ಮಸ್ಥಳಗಳನ್ನು ಕಂಡು ಬಂದವರೂ ನಮ್ಮ ಮನೆಗಳಲ್ಲಿ ಇದ್ದರು. ಆದರೆ ಅವರಿಗೆ ನಡಿಗೆಯು ಸಾಧನ, ಕ್ಷೇತ್ರದರ್ಶನವು ಸಾಧ್ಯ. ಹಾದಿಯ ಕೊನೆಯಲ್ಲಿ ದೇವಾಲಯವಾಗಲಿ, ಸಂತೆಯಾಗಲಿ, ಬಂಧುಗಳ ಮನೆಯಾಗಲಿ ಇಲ್ಲದೆ, ನಡೆಯುವುದನ್ನೇ ಪುರುಷಾರ್ಥವೆಂದು ಭಾವಿಸಿ ಜನರು ತಿಂಗಳುಗಟ್ಟಲೆ ನಡೆಯುವ ಹಾದಿಯೊಂದು ಅಮೆರಿಕದಲ್ಲಿ ಉಂಟು. ಅದರ ಹೆಸರು ಅಪಲೇಚಿಯನ್ ಟ್ರೇಲ್. ಅದರ ಒಂದು ತುಣುಕಿನಲ್ಲಿ ಎರಡು ದಿನ, ಮಳೆಯಲ್ಲಿಯೂ ಚಳಿಯಲ್ಲಿಯೂ, ನಡೆಯುವ ಯೋಗ ನನಗೆ ಒದಗಿತು. ಅಲ್ಲಿ ಕಣ್ಣಾರೆ ಕಂಡ ಒಂದು ವಿಷಯವು ಮಕ್ಕಳೊಂದಿಗರಾದ ಗೃಹಸ್ಥರಿಗೆಲ್ಲ ಉಪಯುಕ್ತವೆಂದು ತೋರಿದುದರಿಂದ ಇದನ್ನು ಬರೆಯುತ್ತಿದ್ದೇನೆ.

ಈ ಹಾದಿಯು ದಕ್ಷಿಣದಲ್ಲಿ ಜಾರ್ಜಿಯ ಸಂಸ್ಥಾನದ ಸ್ಪ್ರಿಂಗರ್ ಬೆಟ್ಟದಿಂದ ಹೊರಟು, 14 ಸಂಸ್ಥಾನಗಳನ್ನು ಹಾದು, ಉತ್ತರದಲ್ಲಿ ಮೇಯ್ನ್ ಸಂಸ್ಥಾನದ ಕಟಾಡಿನ್ ಶಿಖರದಲ್ಲಿ ಮುಗಿಯುತ್ತದೆ. ಇದರ ಉದ್ದ ಸುಮಾರು 3,500 ಕಿಲೋಮೀಟರು. ಹೆಚ್ಚುಕಡಮೆ ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ರಸ್ತೆಯಲ್ಲಿ ಹೋಗುವಷ್ಟು ದೂರ. ಬೆಂಟನ್ ಮೆಕೈ ಎಂಬ ಅರಣ್ಯಶಾಸ್ತ್ರಜ್ಞನು 1921ರಲ್ಲಿ ಪತ್ರಿಕೆಯೊಂದಕ್ಕೆ ಲೇಖನವನ್ನು ಬರೆದು, ಇಂಥ ಹಾದಿಯೊಂದು ಬೇಕೆಂದು ಸೂಚಿಸಿದನು. ಪಟ್ಟಣಗಳ ದುಡಿಮೆಯಲ್ಲಿ ಬಳಲಿದವರಿಗೆ ಬೆಟ್ಟದ ಗಾಳಿಯೂ ವಿಶ್ರಾಂತಿಯೂ ದೊರೆಯಲಿ ಎಂಬುದು ಅವನ ಆಶಯ. ಹದಿನಾರು ವರ್ಷಗಳ ತರುವಾಯ, 1937ರಲ್ಲಿ, ಹಾದಿಯು ಪೂರ್ಣವಾಯಿತು. ಇಂದಿಗೂ ಬಿದ್ದ ಮರವನ್ನು ಕಡಿದು ಸರಿಸುವವರೂ, ಕೊಚ್ಚಿಹೋದ ಮೆಟ್ಟಿಲನ್ನು ಕಟ್ಟುವವರೂ ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರು. ದಾರಿ ತಪ್ಪದಿರಲೆಂದು ಎರಡು ಅಂಗುಲ ಅಗಲ, ಆರು ಅಂಗುಲ ಉದ್ದದ ಬಿಳಿಯ ಪಟ್ಟಿಯನ್ನು ಮರಗಳ ಮೇಲೆಯೂ ಬಂಡೆಗಳ ಮೇಲೆಯೂ ಬಳಿದಿರುತ್ತಾರೆ. ಒಂದರ ಮೇಲೊಂದು ಎರಡು ಪಟ್ಟಿಗಳು ಕಂಡರೆ, ಮುಂದೆ ತಿರುವುಂಟು, ಎಚ್ಚರವಾಗಿರು ಎಂದು ಅರ್ಥ.

ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಅರ್ಲ್ ಶಾಫರ್ ಎಂಬ ಸೈನಿಕನು 1948ರಲ್ಲಿ ಈ ಹಾದಿಯನ್ನು ಒಂದೇ ಪ್ರಯಾಣದಲ್ಲಿ ಮುಗಿಸಿ, ಹಾಗೆ ಮಾಡಿದ ಮೊದಲಿಗನೆಂದು ಪ್ರಸಿದ್ಧನಾದನು. ನಮ್ಮ ಗೃಹಿಣಿಯರು ಮೆಚ್ಚತಕ್ಕ ಕಥೆಯೆಂದರೆ ಎಮ್ಮಾ ಗೇಟ್‌ವುಡ್ ಎಂಬಾಕೆಯದು. ಹನ್ನೊಂದು ಮಕ್ಕಳನ್ನು ಹೆತ್ತು ಬೆಳೆಸಿದ ಈಕೆ 1955ರಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, ಒಬ್ಬಳೇ ಈ ಹಾದಿಯನ್ನು ನಡೆದು ಮುಗಿಸಿದಳು. ಕಾಲಿಗೆ ಸಾಧಾರಣವಾದ ಬಟ್ಟೆಯ ಬೂಟು. ಹೆಗಲಿಗೆ ತಾನೇ ಹೊಲಿದುಕೊಂಡ ಚೀಲ. ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಆದರೆ ಆ ಅಜ್ಜಿಯ ಚೀಲದಲ್ಲಿ ಒಂದು ಕಂಬಳಿಯೂ ಇತ್ತೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ನನ್ನ ಮಗನು ವರ್ಜೀನಿಯ ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ನವೆಂಬರಿನಲ್ಲಿ ನಾನು ಅವನಲ್ಲಿದ್ದಾಗ, ಒಂದು ಶನಿವಾರ ಭಾನುವಾರಗಳ ಬಿಡುವಿನಲ್ಲಿ ಶೆನಂಡೋವ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಈ ಹಾದಿಯ ಸುಮಾರು 160 ಕಿಲೋಮೀಟರು ಆ ಉದ್ಯಾನದೊಳಗೇ ಸಾಗುತ್ತದೆ. ಶಿವಮೊಗ್ಗೆಯಿಂದ ಹೊಸದಾಗಿ ಬಂದು ಅಲ್ಲಿ ವ್ಯಾಸಂಗ ಮಾಡುತ್ತಿದ್ದ ನನ್ನ ತಮ್ಮನ ಮಗನೂ ಜೊತೆಗೂಡಿದನು. ಸೊಸೆಯು ಒಗ್ಗರಣೆಯ ಅವಲಕ್ಕಿಯನ್ನೂ ಶುಂಠಿ ಬೆಲ್ಲದ ಪುಡಿಯನ್ನೂ ಕಟ್ಟಿಕೊಟ್ಟಿದ್ದಳು. ಥಾರ್ನ್‌ಟನ್ ಗ್ಯಾಪ್ ಎಂಬ ಕಣಿವೆಯಿಂದ ದಕ್ಷಿಣಕ್ಕೆ ಹತ್ತಿದೆವು. ಓಕ್ ಮರಗಳು ಎಲೆಯುದುರಿಸಿ ನಿಂತಿದ್ದವು. ತೊಯ್ದ ತರಗೆಲೆಯ ಅಡಿಯಲ್ಲಿ ಕಲ್ಲುಗಳು ಜಾರುತ್ತಿದ್ದವು. ಮೇರೀಸ್ ರಾಕ್ ಎಂಬ ಬಂಡೆಯಿಂದ ಕಾಣುವ ಕಣಿವೆಯ ನೋಟವನ್ನು ಎಲ್ಲರೂ ಹೊಗಳುತ್ತಾರೆ. ನಮಗೆ ಕಂಡುದು ಮೋಡ ಮಾತ್ರ. ಉಷ್ಣಮಾಪಕವು 5 ಡಿಗ್ರಿಯನ್ನು ತೋರಿಸುತ್ತಿತ್ತು. ನೀರು ಹೆಪ್ಪುಗಟ್ಟುವ ಚಳಿಯಲ್ಲ. ಆದರೆ ಜಿನುಗು ಮಳೆಯೂ ಗಾಳಿಯೂ ಒಂದು ಗಳಿಗೆ ಬಿಡಲಿಲ್ಲ.

ಹುಡುಗನು ಹತ್ತಿಯ ಅಂಗಿಯನ್ನೂ ಹತ್ತಿಯ ದಪ್ಪ ಷರಾಯಿಯನ್ನೂ ತೊಟ್ಟು, ಮೇಲೊಂದು ಮಳೆಯಂಗಿಯನ್ನು ಹಾಕಿದ್ದನು. ಏರಿನಲ್ಲಿ ಬೆವರು ಒಳಗಿನಿಂದ, ಮಳೆ ಕತ್ತಿನಿಂದ. ಹೀಗೆ ಎರಡು ಕಡೆಯಿಂದಲೂ ಅಂಗಿ ತೊಯ್ದಿತು. ಮೊದಲು ವಿನೋದವಾಗಿ ಮಾತನಾಡುತ್ತಿದ್ದವನು ಕ್ರಮೇಣ ಸುಮ್ಮನಾದನು. ಕೈಯ ಕೋಲು ಎರಡು ಸಲ ಜಾರಿ ಬಿತ್ತು. ಗುಂಡಿ ಹಾಕಿಕೊಳ್ಳಲು ಬೆರಳುಗಳು ಒಪ್ಪಲಿಲ್ಲ. "ಏನಪ್ಪಾ, ಚಳಿಯೆ?" ಎಂದು ಕೇಳಿದೆನು. "ಏನೂ ಇಲ್ಲ ದೊಡ್ಡಪ್ಪ, ಸ್ವಲ್ಪ ಕುಳಿತರೆ ಸರಿಹೋಗುತ್ತದೆ" ಎಂದನು. ಆದರೆ ಮಾತು ತೊದಲುತ್ತಿತ್ತು. ನನ್ನ ಮಗನ ಮುಖವು ಗಂಭೀರವಾಯಿತು. "ಈಗ ಕುಳಿತುಕೊಳ್ಳಬಾರದು ಅಪ್ಪಯ್ಯ. ಮುಂದಿನ ಬಿಡಾರದಲ್ಲಿಯೇ ನಿಂತುಬಿಡೋಣ. ನೀವು ಅವನನ್ನು ಮಾತನಾಡಿಸುತ್ತಾ ಬನ್ನಿ" ಎಂದು ಅವನ ಚೀಲವನ್ನೂ ತಾನೇ ಹೊತ್ತನು. ಊರಿನ ಸುದ್ದಿ, ಮಾವಿನಕಾಯಿಯ ಉಪ್ಪಿನಕಾಯಿ, ಅವನು ಓದಿದ ಶಾಲೆ, ಹೀಗೆ ತೋಚಿದುದನ್ನೆಲ್ಲ ಕೇಳುತ್ತಾ ನಡೆಸಿಕೊಂಡು ಹೋದೆನು. ಆ ಅರ್ಧ ಗಂಟೆಯಷ್ಟು ದೀರ್ಘವಾದ ಕಾಲವನ್ನು ನಾನು ಕಂಡಿಲ್ಲ.

ಬಿಡಾರವೆಂದರೆ ಒಂದು ಪಾರ್ಶ್ವ ತೆರೆದ ಸಣ್ಣ ಮನೆ. ಮೊದಲೇ ಬಂದಿದ್ದ ಇಬ್ಬರು ಅಪರಿಚಿತ ಪಥಿಕರು ಕೇಳುವ ಮೊದಲೇ ಒಳಗಿನ ಮೂಲೆಯನ್ನು ಬಿಟ್ಟುಕೊಟ್ಟರು. ಹುಡುಗನ ಒದ್ದೆಯ ಬಟ್ಟೆಯನ್ನೆಲ್ಲ ತೆಗೆಸಿ, ಮೈಯನ್ನು ಒತ್ತಿ ಒರೆಸಿ, ಉಣ್ಣೆಯ ಅಂಗಿ ಟೊಪ್ಪಿಗೆಗಳನ್ನು ತೊಡಿಸಿ, ನೆಲದ ಶೀತ ತಟ್ಟದಂತೆ ಚಾಪೆಯ ಮೇಲೆ ಮಲಗುಚೀಲದೊಳಗೆ ಸೇರಿಸಿದೆವು. ಸಣ್ಣ ಒಲೆಯಲ್ಲಿ ಶುಂಠಿ ಬೆಲ್ಲದ ಕಷಾಯವನ್ನು ಕಾಯಿಸಿ, ಗುಟುಕು ಗುಟುಕಾಗಿ ಕುಡಿಸಿದೆವು. ಒಂದು ಗಂಟೆ ಕಳೆದ ಮೇಲೆ ಚೀಲದೊಳಗಿನಿಂದ, "ಅಣ್ಣ, ಅವಲಕ್ಕಿ ಇನ್ನೂ ಉಂಟೆ?" ಎಂಬ ಧ್ವನಿ ಕೇಳಿಬಂತು. ಅದಕ್ಕಿಂತ ಇಂಪಾದ ವಾಕ್ಯವು ನನ್ನ ಕಿವಿಗೆ ಬಿದ್ದುದು ಅಪರೂಪ. ಕರಡಿಗಳ ಭಯದಿಂದ ಉಳಿದ ಆಹಾರವನ್ನು ಎತ್ತರದಲ್ಲಿ ತೂಗುಹಾಕಿ ಮಲಗಿದೆವು. ಮರುದಿನ ಮುಂದಕ್ಕೆ ಹೋಗುವ ಸಂಕಲ್ಪವನ್ನು ಬಿಟ್ಟು, ಬಂದ ದಾರಿಯಲ್ಲೇ ಇಳಿದೆವು.

ಇಳಿಯುವಾಗ ಮಗನು ಆ ಬೆಟ್ಟಗಳ ಹಿಂದಿನ ಕಥೆಯನ್ನು ಹೇಳಿದನು. 1935ರಲ್ಲಿ ಸ್ಥಾಪಿತವಾದ ಈ ಉದ್ಯಾನಕ್ಕಾಗಿ ನೂರಾರು ಕುಟುಂಬಗಳು ತಮ್ಮ ಮನೆ ಹೊಲಗಳನ್ನು ಬಿಡಬೇಕಾಯಿತು. ಅವರ ಒಲೆಗೂಡುಗಳ ಕಲ್ಲುಗಳು ಕಾಡಿನಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆಯಂತೆ. ಶರಾವತಿಯ ಮುಳುಗಡೆಯನ್ನು ಕಂಡ ಮಲೆನಾಡಿನವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಇನ್ನು ಆ ಹುಡುಗನಿಗೆ ಆದುದೇನು? ಮನುಷ್ಯನ ದೇಹದ ಶಾಖವು ಸಾಮಾನ್ಯವಾಗಿ 37 ಡಿಗ್ರಿ. ದೇಹದೊಳಗಿನ ಶಾಖವು 35ಕ್ಕಿಂತ ಕೆಳಗಿಳಿದರೆ ಅದನ್ನು ವೈದ್ಯರು ಹೈಪೊಥರ್ಮಿಯ ಎನ್ನುತ್ತಾರೆ. ಹಿಮವಿದ್ದಲ್ಲಿ ಮಾತ್ರ ಇದು ಬರುವುದೆಂದು ತಿಳಿಯಬಾರದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗದಲ್ಲಿ ದೇಹದ ಶಾಖವನ್ನು ಹೀರುವುದರಿಂದ, ಮಳೆ ಗಾಳಿಗಳು ಸೇರಿದರೆ 10 ಡಿಗ್ರಿಯಲ್ಲಿಯೂ ಅಪಾಯವುಂಟು. ಮೊದಲು ನಡುಕ, ಬಳಿಕ ಬೆರಳುಗಳ ಜಡತೆ, ತೊದಲುವಿಕೆ, ಮುಗ್ಗರಿಸುವಿಕೆ. ಬುದ್ಧಿಯೂ ಮಂಕಾಗುವುದರಿಂದ ರೋಗಿಯು ತನಗೇನೂ ಆಗಿಲ್ಲವೆನ್ನುತ್ತಾನೆ. ಮೈ ಬೆಚ್ಚಗಾಗದೆಯೇ ನಡುಕವು ನಿಂತರೆ, ಅದು ಗುಣದ ಚಿಹ್ನೆಯಲ್ಲ, ಪ್ರಾಣಾಪಾಯದ ಚಿಹ್ನೆ. ಆಗ ವೈದ್ಯರ ಸಹಾಯಕ್ಕೆ ತಡಮಾಡಕೂಡದು. ಕೈಕಾಲುಗಳನ್ನು ಬಲವಾಗಿ ತಿಕ್ಕಬಾರದು. ಮದ್ಯವನ್ನು ಸರ್ವಥಾ ಕೊಡಬಾರದು. ಅದು ಚರ್ಮಕ್ಕೆ ರಕ್ತವನ್ನು ಸೆಳೆದು ಒಳಗಿನ ಶಾಖವನ್ನು ಹೊರಚೆಲ್ಲುತ್ತದೆ.

ತೊಯ್ದ ಹತ್ತಿಯು ಮೈಗಂಟಿ ಶೀತವನ್ನು ಹೆಚ್ಚಿಸುತ್ತದೆ. ತೊಯ್ದ ಉಣ್ಣೆಯಾದರೋ ತನ್ನ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟು, ಬಹುಮಟ್ಟಿಗೆ ಬೆಚ್ಚಗಿಡುತ್ತದೆ. ನಮ್ಮ ಮಲೆನಾಡಿನ ರೈತನು ಆಷಾಢದ ಮಳೆಯಲ್ಲಿ ಕಂಬಳಿಕೊಪ್ಪೆಯನ್ನು ಹೊದ್ದು ಗದ್ದೆಗಿಳಿಯುತ್ತಿದ್ದುದು ಬಡತನದ ಗುರುತಲ್ಲ, ವಿವೇಕದ ಗುರುತು.

ಈಗ ನಮ್ಮ ಊರುಗಳ ತರುಣ ತರುಣಿಯರೂ ಬಿಡುವು ದೊರೆತೊಡನೆ ಕುಮಾರಪರ್ವತಕ್ಕೂ ಕುದುರೆಮುಖಕ್ಕೂ ಹೊರಡುತ್ತಾರೆ. ಹೋಗಲಿ, ಬೆಟ್ಟವು ಕಲಿಸುವ ಪಾಠವನ್ನು ಪಾಠಶಾಲೆ ಕಲಿಸಲಾರದು. ಆದರೆ ಮನೆಯ ಹಿರಿಯರು ಹೊಸಲಿನಲ್ಲಿ ನಿಂತು ನಾಲ್ಕು ಪ್ರಶ್ನೆಗಳನ್ನು ಕೇಳಲಿ: ಉಣ್ಣೆಯ ಅಂಗಿ ಇದೆಯೆ? ಒಂದು ಜೊತೆ ಒಣಬಟ್ಟೆಯನ್ನು ನೀರು ತಾಗದ ಚೀಲದಲ್ಲಿ ಕಟ್ಟಿದೆಯಾ? ಬೆಲ್ಲ ಶುಂಠಿ ಉಂಟೆ? ಜೊತೆಯವರಲ್ಲೊಬ್ಬರು ಸುಮ್ಮನಾದರೆ ಹಿಂದಿರುಗುವಿರಾ? ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಸಂತೋಷದಿಂದ ಕಳುಹಿಸಿಕೊಡಬಹುದು.